ನೂರಕ್ಕೆ ನಾಲ್ಕು

ನಮ್ಮ ಮೇಷ್ಟ್ರಿಗೆ ಇಡೀ ವಿಭಾಗದಲ್ಲಿ ಇದ್ದ ಅಡ್ಡಹೆಸರು ‘ಬಿಟ್ಟಾಕು ಮೇಷ್ಟ್ರು’. ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಒಂದು ಸಮೀಕರಣ ಬರೆಯುವರು, ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡುವರು, ಆಮೇಲೆ ಮುಂದೆ ಹೋಗಿ ಒಂದು ಪದದ ಮೇಲೆ ಅಡ್ಡಗೆರೆ ಎಳೆದು, “ಇದು ಚಿಕ್ಕದು, ಬಿಟ್ಟಾಕಿ” ಅನ್ನುವರು. ಮೂವತ್ತೆಂಟು ವರ್ಷ ಪಾಠ ಮಾಡಿದ್ದು ಹೀಗೇ. ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದರೂ ಅದೇ ಮಾತು, ವಿಭಾಗದ ಛಾವಣಿ ಸೋರುತ್ತಿದೆ ಎಂದರೂ ಅದೇ ಮಾತು.

ಅವರು ಹೆಸರು ಮಾಡಿದ್ದೂ ಹಾಗೆ ಬಿಟ್ಟಾಕಿದ ಒಂದು ಪದದಿಂದಲೇ. ಬೆಳಕಿನ ಕಿರಣ ಗೆರೆ ಎಳೆದ ಹಾಗೆ ನೇರ ಹೋಗುತ್ತದೆ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ನಾನೂ ಹನ್ನೊಂದು ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದ್ದೇನೆ, ದೇವರು ಕ್ಷಮಿಸಲಿ. ನಿಜದಲ್ಲಿ ಅದು ಹೋಗುತ್ತಾ ಹೋಗುತ್ತಾ ಹರಡಿಕೊಳ್ಳುತ್ತದೆ. ಲೆನ್ಸಿನಲ್ಲಿ ಹಾಯಿಸಿದರೆ ಒಂದು ಕಡೆ ಚುಕ್ಕೆಯಾಗಿ ಕೂಡಿ, ಮತ್ತೆ ಹರಡುತ್ತದೆ. ಆ ಚುಕ್ಕೆ ಎಷ್ಟು ಸಣ್ಣದು ಎಂದು ಏನನ್ನೂ ಬಿಡದೆ ಲೆಕ್ಕ ಹಾಕಲು ಕೂತರೆ ಆಯುಷ್ಯ ಸಾಲದು. ಮೇಷ್ಟ್ರು ಯುವಕರಾಗಿದ್ದಾಗ, ಬೆಳಕೆಲ್ಲ ಹೆಚ್ಚುಕಡಿಮೆ ಮೂಗಿನ ನೇರಕ್ಕೇ ಹೋಗುತ್ತಿದೆ, ಅಕ್ಕಪಕ್ಕಕ್ಕೆ ವಾಲುವುದು ಲೆಕ್ಕಕ್ಕಿಲ್ಲದಷ್ಟು ಎಂದು ಇಟ್ಟುಕೊಂಡು, ವಾಲುವುದರಿಂದ ಬರುವ ಪದವನ್ನು ಹೊಡೆದುಹಾಕಿ ಒಂದೂವರೆ ಸಾಲಿನ ಸೂತ್ರ ಮಾಡಿದರು. ಲೆನ್ಸ್ ಮಾಡುವವರು ಅದನ್ನು ಕಣ್ಣಿಗೊತ್ತಿಕೊಂಡು ಬಳಸಿದರು.

ನನಗಾದರೋ ಹುಟ್ಟಿದಾಗಿನಿಂದ ಬಿಟ್ಟದ್ದರ ಮೇಲೇ ಕಣ್ಣು. ಗುಡಿಸಿದ ಕೋಣೆಯಲ್ಲಿ ಮೂಲೆ ನೋಡುವ ಜಾತಿ ನಂದು. ಮೂವತ್ತಮೂರಕ್ಕೆ ಶಾಲೆ ಬಿಟ್ಟು ಸಂಶೋಧನೆಗೆ ಸೇರಿದವಳು, ಮೇಷ್ಟ್ರ ಬಳಿಯೇ ಸೇರಿ, ಅವರು ಬಿಟ್ಟ ಪದವನ್ನೇ ಎತ್ತಿಕೊಂಡೆ. ಬೆಳಕನ್ನು ತೀರಾ ಬಿಗಿಯಾಗಿ, ಕೂದಲಿನ ನೂರನೇ ಒಂದು ಪಾಲಿನಷ್ಟು ಚುಕ್ಕೆಗೆ ಹಿಂಡಿದರೆ, ಅಂಚಿನ ಬೆಳಕು ಚೆನ್ನಾಗಿಯೇ ಓರೆಯಾಗಿ ಬರುತ್ತದೆ. ಆಗ ಆ ಪದ ಚಿಕ್ಕದಲ್ಲ. ಏಳು ವರ್ಷ ಲೆಕ್ಕ ಹಾಕಿ ನಾನು ಕಂಡುಕೊಂಡದ್ದು ಇಷ್ಟು: ಅಂಥ ಕಡೆ ಚುಕ್ಕೆ ಮೇಷ್ಟ್ರ ಸೂತ್ರ ಹೇಳುವುದಕ್ಕಿಂತ ನೂರಕ್ಕೆ ನಾಲ್ಕು ಪಾಲು ದೊಡ್ಡದಿರಬೇಕು.

ಇನ್ನು ಅದನ್ನು ಅಳೆದು ತೋರಿಸಬೇಕು, ಅಷ್ಟೇ. ಮೇಷ್ಟ್ರ ನಿವೃತ್ತಿಗೆ ಮೂರು ವಾರ ಉಳಿದಿತ್ತು. ನಿಯಮದ ಪ್ರಕಾರ ಅವರು ಸಹಿ ಮಾಡಿದ ಪ್ರಬಂಧ ಅವರ ಕೊನೆಯ ದಿನ ಐದು ಗಂಟೆಯೊಳಗೆ ಪರೀಕ್ಷಾ ಕಚೇರಿಗೆ ಸೇರಬೇಕು. ಇಲ್ಲದಿದ್ದರೆ ಹೊಸ ಮಾರ್ಗದರ್ಶಕರು, ಹೊಸ ನೋಂದಣಿ, ಮತ್ತೆ ಎರಡು ವರ್ಷ. ನಲವತ್ತು ತುಂಬಿದವಳಿಗೆ ಆ ಎರಡು ವರ್ಷ ಚಿಕ್ಕದಲ್ಲ.

ಅಷ್ಟು ಸಣ್ಣ ಚುಕ್ಕೆಯನ್ನು ಅಳೆಯುವ ವಿಧಾನ ಕೇಳಿದರೆ ನಗು ಬರುತ್ತದೆ. ಗಡ್ಡ ಮಾಡುವ ಬ್ಲೇಡನ್ನು ಒಂದು ಮೋಟಾರಿಗೆ ಕಟ್ಟಿ, ಬೆಳಕಿನ ಚುಕ್ಕೆಗೆ ಅಡ್ಡಲಾಗಿ ಕೊಂಚಕೊಂಚವೇ ಸರಿಸುವುದು. ಬ್ಲೇಡು ಬೆಳಕನ್ನು ಮುಚ್ಚುತ್ತಾ ಹೋದ ಹಾಗೆ ಆಚೆ ಬೀಳುವ ಬೆಳಕು ಕಡಿಮೆಯಾಗುತ್ತದೆ. ಪೂರ್ತಿ ಮುಚ್ಚಲು ಎಷ್ಟು ದೂರ ಸರಿಸಬೇಕಾಯಿತು ಎನ್ನುವುದರಿಂದ ಚುಕ್ಕೆಯ ಅಗಲ ಸಿಗುತ್ತದೆ. ಪ್ರಯೋಗಾಲಯದ ಬ್ಲೇಡುಗಳು ತುಕ್ಕು ಹಿಡಿದಿದ್ದವು. ಆದರೆ ಬ್ಲೇಡಿಗೆ ನನ್ನಲ್ಲಿ ಬರವೆ? ನನ್ನ ಗಂಡ ಕ್ಷೌರಿಕ. ಮನೆಯ ಕೆಳಗೇ ಅವನ ಸಲೂನು.

“ನಿನ್ನ ಬೆಳಕಿಗೆ ಸಾದಾ ಬ್ಲೇಡು ಹಾಕ್ತೀಯಾ? ಮರ್ಯಾದೆ ಪ್ರಶ್ನೆ” ಎಂದು ಅವನು ಗಾಜಿನ ಬೀರುವಿನಿಂದ ಒಂದು ಹೊಸ ಡಬ್ಬಿ ತೆಗೆದ. “ಇದು ಮದುವೆ ಗಂಡುಗಳಿಗೆ ಅಂತ ಇಟ್ಟಿರೋದು. ಕೆನ್ನೆ ಮೇಲೆ ಇಟ್ಟಿದ್ದೇ ಗೊತ್ತಾಗಲ್ಲ.”

“ಬೆಳಕಿಗೆ ಕೆನ್ನೆ ಇಲ್ಲ.”

“ಇದ್ದಿದ್ರೆ ಇದನ್ನೇ ಕೇಳ್ತಿತ್ತು.”

ಡಬ್ಬಿ ತೆಗೆದುಕೊಂಡು ಹೋದೆ. ಎರಡು ವಾರದಲ್ಲಿ ನಾನೂರು ಸಲ ಅಳೆದೆ. ಎಲ್ಲದರ ಸರಾಸರಿ ತೆಗೆದಾಗ ಬಂದ ಉತ್ತರ ನೋಡಿ ಕುರ್ಚಿಯಿಂದ ಎದ್ದು ನಿಂತೆ, ಮತ್ತೆ ಕೂತೆ, ಮತ್ತೆ ಎದ್ದೆ. ನೂರಕ್ಕೆ ನಾಲ್ಕು. ಮೂರೂಮುಕ್ಕಾಲಲ್ಲ, ನಾಲ್ಕೂಕಾಲಲ್ಲ. ಲೆಕ್ಕ ಹೇಳಿದ್ದೂ ನಾಲ್ಕು, ಅಳತೆ ಹೇಳಿದ್ದೂ ನಾಲ್ಕು. ಖಾಲಿ ಪ್ರಯೋಗಾಲಯದಲ್ಲಿ ನಾನು ಕುಣಿದದ್ದನ್ನು ಲೇಸರ್ ಒಂದೇ ನೋಡಿತು, ಪುಣ್ಯ.

ಮೇಷ್ಟ್ರು ಹಾಳೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

“ಸರಿಯಾಗಿ ನಾಲ್ಕು?”

“ಸರಿಯಾಗಿ ನಾಲ್ಕು ಸರ್.”

“ನನ್ನ ಇಷ್ಟು ವರ್ಷದಲ್ಲಿ ಯಾವುದೂ ಸರಿಯಾಗಿ ಬಂದದ್ದಿಲ್ಲಮ್ಮ. ಇಷ್ಟು ಸರಿಯಾಗಿ ಬಂದ್ರೆ ನನಗೆ ಭಯ ಆಗುತ್ತೆ.”

ನನಗೆ ಮೈಯೆಲ್ಲ ಉರಿದುಹೋಯಿತು. ತಮ್ಮ ಸೂತ್ರಕ್ಕೆ ಕುತ್ತು ಬಂತಲ್ಲ, ಅದಕ್ಕೆ ಭಯ, ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ ಅನ್ನಲಿಲ್ಲ, ಸಹಿ ಬೇಕಿತ್ತಲ್ಲ. ಅವರು ಶುಕ್ರವಾರ ಮೊದಲ ಪುಟದಲ್ಲಿ ಸಹಿ ಹಾಕಿ, ಕೆಳಗೆ ತಾರೀಖು ಬರೆದು ಕೊಟ್ಟರು. ಸೋಮವಾರ ಅವರ ಕೊನೆಯ ದಿನ. ಅಂದು ಬೆಳಿಗ್ಗೆ ಕಚೇರಿಗೆ ಕೊಟ್ಟುಬಿಟ್ಟರೆ ಮುಗಿಯಿತು.

ಮನೆಗೆ ಬಂದು ಪ್ರಬಂಧವನ್ನು ಮೇಜಿನ ಮೇಲಿಟ್ಟರೆ ನನ್ನ ಗಂಡ ಅದಕ್ಕೆ ಹೊಸ ಟವೆಲ್ ಹೊದಿಸಿದ. ಗಿರಾಕಿಗಳ ಹೆಗಲಿಗೆ ಹಾಕುವ ಟವೆಲ್ಲೇ. “ನನ್ನ ಬ್ಲೇಡಿಗೂ ಅರ್ಧ ಡಾಕ್ಟರ್ ಪಟ್ಟ ಬರಬೇಕು” ಎಂದ. ಬರುತ್ತದೆ ಎಂದೆ. ಅಂದು ಯಾರು ಏನು ಕೇಳಿದ್ದರೂ ಬರುತ್ತದೆ ಎನ್ನುತ್ತಿದ್ದೆ.

ಶನಿವಾರ ಹತ್ತು ಗಂಟೆಯ ಹೊತ್ತಿಗೆ ಅವನಿಗೆ ಚಹಾ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ. ಸಲೂನಿನಲ್ಲಿ ಒಬ್ಬ ದಪ್ಪ ಗಿರಾಕಿ ಕುರ್ಚಿ ತುಂಬ ಕೂತಿದ್ದ. ಅವನು ಅಂಚೆ ಇಲಾಖೆಯವನು, ಮಾತಿಗೆ ತೂಕ ಜಾಸ್ತಿ.

“ಹಳೇ ಬ್ಲೇಡು ಮುಖ ಕೆತ್ತುತ್ತಿತ್ತು ಕಣಯ್ಯಾ. ಇದು ಬೆಣ್ಣೆ” ಎಂದ ಅವನು.

“ಬೆಣ್ಣೆ ಅಲ್ಲ, ಪ್ಲಾಸ್ಟಿಕ್ಕು” ಎಂದ ನನ್ನ ಗಂಡ. “ಇದರ ಅಂಚಿಗೆ ತೆಳ್ಳಗೆ ಒಂದು ಪದರ ಹಚ್ಚಿರ್ತಾರೆ. ಕಣ್ಣಿಗೆ ಕಾಣಲ್ಲ, ಗಾಜಿನ ಥರ. ಅದಕ್ಕೇ ಜಾರುತ್ತೆ.”

ನಾನು ಮೂರನೇ ಮೆಟ್ಟಿಲಲ್ಲಿ ನಿಂತುಬಿಟ್ಟೆ. ಚಹಾ ತಟ್ಟೆಗೆ ಚೆಲ್ಲಿತು.

“ಏನಂದೆ?”

“ಏನಂದೆ? ಜಾರುತ್ತೆ ಅಂದೆ.”

“ಅದಕ್ಕೆ ಮುಂಚೆ.”

“ಪದರ. ಗಾಜಿನ ಥರ.” ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ಗಿರಾಕಿಯ ಕೆನ್ನೆಯಿಂದ ಕತ್ತಿ ಎತ್ತಿದ. “ಯಾಕೆ, ಏನಾಯ್ತು?”

ಏನಾಯಿತೆಂದರೆ, ಬ್ಲೇಡಿನ ಕೆಲಸ ಬೆಳಕನ್ನು ಮುಚ್ಚುವುದು. ಉಕ್ಕು ಮುಚ್ಚುತ್ತದೆ. ಗಾಜಿನಂಥ ಪದರ ಮುಚ್ಚುವುದಿಲ್ಲ, ಒಂದಿಷ್ಟು ಬೆಳಕನ್ನು ಆಚೆಗೆ ಬಿಡುತ್ತದೆ. ಕೂದಲಿನ ನೂರನೇ ಪಾಲನ್ನು ಅಳೆಯುವಾಗ ಅಂಚಿನ ಆ ತೆಳು ಪದರವೇ ಸಾಕು, ಚುಕ್ಕೆ ಇರುವುದಕ್ಕಿಂತ ದೊಡ್ಡದಾಗಿ ಕಾಣಲು. ನಾನೂರು ಸಲ ನಾನು ಅಳೆದದ್ದು ಬರೀ ಬೆಳಕನ್ನಲ್ಲ, ಮದುವೆ ಗಂಡುಗಳ ನುಣುಪನ್ನೂ ಸೇರಿಸಿ ಅಳೆದಿದ್ದೆ.

ಗಿರಾಕಿ ಎದ್ದು ಹೋದ ಮೇಲೆ ಹೇಳಿದೆ. ನನ್ನ ಗಂಡ ಸ್ಟೂಲಿನ ಮೇಲೆ ಕೂತು ಆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮುಖ ಸಣ್ಣಗಾಗಿತ್ತು, ನನಗೆ ಅದನ್ನು ನೋಡಿ ಇನ್ನಷ್ಟು ಸಂಕಟವಾಯಿತು.

“ಒಳ್ಳೇದು ಕೊಡೋಣ ಅಂತ ಕೊಟ್ಟೆ.”

“ಗೊತ್ತು ಕಣೋ. ಕೇಳದೆ ತಗೊಂಡಿದ್ದು ನಾನು.”

“ಈಗ ಪ್ರಬಂಧಕ್ಕೆ ಸಹಿ ಆಗಿದೆ ಅಲ್ವಾ? ಯಾರಿಗೆ ಗೊತ್ತಾಗುತ್ತೆ?”

ಅವನು ಅದನ್ನು ಪುಸಲಾಯಿಸಲು ಹೇಳಲಿಲ್ಲ. ನಾನೇ ಅದನ್ನು ಕೇಳಿಕೊಳ್ಳುತ್ತಿದ್ದೇನೆ ಎಂದು ಗೊತ್ತಿದ್ದು, ನನ್ನ ಬದಲು ಬಾಯಿಬಿಟ್ಟು ಕೇಳಿದ. ಹದಿನೈದು ವರ್ಷದ ಸಂಸಾರ. ನಾನು, ಹಳೆಯ ಬ್ಲೇಡುಗಳು ಉಳಿದಿವೆಯಾ ಎಂದೆ. ಕನ್ನಡಿಯ ಮೇಲಿನ ಅಂಟು ಕೆರೆಯಲು ಇಟ್ಟಿದ್ದ ಒಂದು ಮುದುಡಿದ ಪೊಟ್ಟಣ ಹುಡುಕಿಕೊಟ್ಟ. ಯಾವ ಪದರವೂ ಇಲ್ಲದ, ಮುಖ ಕೆತ್ತುವ, ಗಿರಾಕಿಗಳೆಲ್ಲ ಬೈದ ಬ್ಲೇಡು.

ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಇಬ್ಬರೂ ಪ್ರಯೋಗಾಲಯದಲ್ಲಿದ್ದೆವು. ಅವನು ಬ್ಲೇಡು ಕಟ್ಟಿದ. ಅವನ ಕೈ ಬ್ಲೇಡಿಗೆ ಪಳಗಿದ್ದು. ನಾನು ಅಳೆದೆ. ಅರವತ್ತು ಸಲ ಅಳೆಯುವಷ್ಟರಲ್ಲಿ ಅನುಮಾನ ಉಳಿಯಲಿಲ್ಲ. ಚುಕ್ಕೆ ದೊಡ್ಡದಾಗಿಯೇ ಇತ್ತು, ಆದರೆ ನೂರಕ್ಕೆ ನಾಲ್ಕಲ್ಲ. ಎರಡೂಕಾಲು.

ಹಾಗಾದರೆ ನನ್ನ ಲೆಕ್ಕದ ನಾಲ್ಕು ಎಲ್ಲಿಂದ ಬಂತು? ಅದೂ ತಪ್ಪೇ ಇರಬೇಕು. ಎರಡು ತಪ್ಪುಗಳು ಒಂದನ್ನೊಂದು ಅಪ್ಪಿಕೊಂಡು ಸತ್ಯದ ಹಾಗೆ ನಿಂತಿದ್ದವು, ನಾನು ಅವುಗಳ ಸುತ್ತ ಕುಣಿದಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನದು ಬಾಯಿಗೂ ಬಂದು ಅಗಿದೂ ಆಗಿತ್ತು.

ಸೋಮವಾರ ಎಂಟೂವರೆಗೆ ಮೇಷ್ಟ್ರ ಕೋಣೆಗೆ ಹೋದೆ. ಪುಸ್ತಕಗಳೆಲ್ಲ ಪೆಟ್ಟಿಗೆ ಸೇರಿದ್ದವು, ಗೋಡೆಯ ಮೇಲೆ ಕಪಾಟು ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಬೀಳ್ಕೊಡುಗೆ ಇತ್ತು, ಅದಕ್ಕೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಖಾಲಿ ಮೇಜಿನ ಮುಂದೆ ಕೂತಿದ್ದರು. ನಾನು ನಿಂತೇ ಎಲ್ಲ ಹೇಳಿದೆ. ಪದರ, ಉಕ್ಕು, ಎರಡೂಕಾಲು.

ಅವರು ಮೊದಲು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. “ಮದುವೆ ಗಂಡಿನ ಬ್ಲೇಡು!” ಎಂದು ಇನ್ನೊಮ್ಮೆ ನಕ್ಕು, ಕಣ್ಣೊರೆಸಿಕೊಂಡು, “ಬಾಗಿಲು ಹಾಕು. ನಿನ್ನ ಹಳೇ ನೋಟ್‌ಬುಕ್ಕುಗಳನ್ನ ತೆಗಿ” ಎಂದರು.

ಮೊದಲ ಪುಟದಿಂದ ಶುರು ಮಾಡಿದೆವು. ಅವರು ಬೋರ್ಡಿನ ಮೇಲೆ, ನಾನು ಮೇಜಿನ ಮೇಲೆ. ಹನ್ನೊಂದು ಗಂಟೆಗೆ ಎರಡನೇ ನೋಟ್‌ಬುಕ್ಕಿನ ನಲವತ್ತೊಂದನೇ ಪುಟ ಬಂತು. ಬೆಳಕು ಓರೆಯಾಗಿ ಬಂದಾಗ ಅದರ ಕಂಪನದ ಒಂದು ಸಣ್ಣ ಪಾಲು ಮುಂದಕ್ಕೂ ಬಾಗುತ್ತದೆ. ಅದರಿಂದ ಒಂದು ಪದ ಬರುತ್ತದೆ. ಅದನ್ನು ನಾನು ಆರು ವರ್ಷದ ಹಿಂದೆ ಅಚ್ಚುಕಟ್ಟಾಗಿ ಹೊಡೆದುಹಾಕಿದ್ದೆ. ಪಕ್ಕದಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಬರೆದಿತ್ತು: ‘ಇದು ಚಿಕ್ಕದು.’

ಬೇರೆಯವರ ತಟ್ಟೆಯಲ್ಲಿ ನೊಣ ಹುಡುಕುವವಳ ತಟ್ಟೆಯಲ್ಲೇ ಹೆಗ್ಗಣ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಪುಟವನ್ನು ಅವರ ಕಡೆ ತಿರುಗಿಸಿದೆ.

“ಇದನ್ನೆಲ್ಲಿ ಕಲಿತೆ?” ಎಂದರು, ಬಹಳ ಗಂಭೀರವಾಗಿ.

“ಇಲ್ಲೇ ಸರ್. ಇದೇ ಬೋರ್ಡಿನ ಮೇಲೆ.”

ಆ ಪದವನ್ನು ವಾಪಸು ಸೇರಿಸಿ ಲೆಕ್ಕ ಮುಗಿಸುವಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಅದರ ಚಿಹ್ನೆ ಋಣ, ಹಾಗಾಗಿ ನಾಲ್ಕನ್ನು ಕೆಳಕ್ಕೆ ಎಳೆಯಿತು. ಉತ್ತರ ಎರಡು. ಲೆಕ್ಕ ಎರಡು, ಅಳತೆ ಎರಡೂಕಾಲು. ಆ ಕಾಲು ಎಲ್ಲಿಂದ ಬಂತೋ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಾಗಲಿಲ್ಲ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಪುಸ್ತಕದ ಪೆಟ್ಟಿಗೆಯ ಮೇಲೆಯೇ ಕೂತರು. ನಾನು ತಪ್ಪೊಪ್ಪಿಕೊಳ್ಳಲೇಬೇಕಿತ್ತು.

“ಸರ್, ನಾಲ್ಕು ಅಂದಾಗ ನೀವು ಭಯ ಅಂದ್ರಲ್ಲ, ನಿಮ್ಮ ಸೂತ್ರ ಉಳಿಸ್ಕೊಳ್ಳೋಕೆ ಹಾಗಂದ್ರಿ ಅಂದ್ಕೊಂಡಿದ್ದೆ. ತಪ್ಪಾಯ್ತು ಸರ್.”

“ಏನೂ ತಪ್ಪಾಗಿಲ್ಲ. ಅದಕ್ಕೇ ಅಂದಿದ್ದು” ಎಂದರು. “ನಿಜ ಹೇಳ್ತೀನಿ ಕೇಳು. ಶುಕ್ರವಾರದಿಂದ ಮೂರು ರಾತ್ರಿ ನಿದ್ದೆ ಇಲ್ಲ. ನಿನ್ನ ನಾಲ್ಕು ತಪ್ಪಾಗ್ಲಿ ಅಂತ ಎಷ್ಟು ಹಾರೈಸಿದೆ ಗೊತ್ತಾ? ಈ ವಯಸ್ಸಲ್ಲಿ, ನನ್ನ ಶಿಷ್ಯೆ ಮೇಲೆ! ಬೆಳಿಗ್ಗೆ ನೀನು ಬಂದು ತಪ್ಪು ಅಂದಾಗ ಒಂದು ಕ್ಷಣ ಎಷ್ಟು ಖುಷಿ ಆಯ್ತು! ನಾಲ್ಕು ಹೋದ್ರೆ ಸೊನ್ನೆ ಆಗುತ್ತೆ ಅಂತ ನಾನು.” ಬೋರ್ಡಿನ ಕಡೆ ನೋಡಿದರು. “ಎರಡಾಯ್ತು.”

ಅವರ ಮೇಲೆ ನನಗೆ ಅಂದಿನಷ್ಟು ಪ್ರೀತಿ ಎಂದೂ ಹುಟ್ಟಿರಲಿಲ್ಲ.

ಆದರೆ ಪ್ರಬಂಧದ ತುಂಬ ನಾಲ್ಕೇ ಇತ್ತು. ಮತ್ತೆ ಅಚ್ಚು ಹಾಕಿಸಿ ಹೊಲಿಸಲು ಎರಡು ದಿನ ಬೇಕು, ನಮಗಿದ್ದದ್ದು ನಾಲ್ಕು ಗಂಟೆಗೂ ಕಡಿಮೆ. ಹೋಯಿತು, ಎರಡು ವರ್ಷ ಬಂದು ಹೆಗಲ ಮೇಲೆ ಕೂತಿತು ಎಂದುಕೊಂಡೆ. ಮೇಷ್ಟ್ರು ನಿಯಮಗಳ ಪುಸ್ತಕ ತರಿಸಿದರು. ಒಂದು ಸಾಲು ಸಿಕ್ಕಿತು: ಕೈಬರಹದ ತಿದ್ದುಪಡಿಗಳಿಗೆ ಅವಕಾಶವಿದೆ, ಪ್ರತಿಯೊಂದರ ಪಕ್ಕದಲ್ಲೂ ಮಾರ್ಗದರ್ಶಕರ ಚಿಕ್ಕ ಸಹಿ ಇರಬೇಕು, ಹೊಸ ಲೆಕ್ಕವಿದ್ದರೆ ಕೊನೆಗೆ ಅಂಟಿಸಬಹುದು. ಎಷ್ಟು ತಿದ್ದುಪಡಿ ಎಂಬ ಮಿತಿ ಹಾಕಿರಲಿಲ್ಲ. ಯಾರೋ ಒಂದೆರಡು ಅಕ್ಷರ ತಪ್ಪಿಗೆಂದು ಮಾಡಿದ ನಿಯಮ ಅದು. ಇಡೀ ತೀರ್ಮಾನವನ್ನೇ ಪೆನ್ನಿನಲ್ಲಿ ತಿದ್ದುವವರು ಹುಟ್ಟುತ್ತಾರೆಂದು ಅವರಿಗೇನು ಗೊತ್ತು?

ಗಂಡನಿಗೆ ಫೋನ್ ಮಾಡಿದೆ. ಅರ್ಧ ಕತ್ತರಿಸಿದ ತಲೆಯೊಂದನ್ನು ಮುಗಿಸಿ, ಅಂಗಡಿ ಮುಚ್ಚಿ ಓಡಿಬಂದ. ನಾನು ಹೊಸ ಲೆಕ್ಕದ ನಾಲ್ಕು ಪುಟ, ಹೊಸ ನಕ್ಷೆ ಟೈಪ್ ಮಾಡಲು ಕೂತೆ. ಅವನು ಪ್ರಬಂಧದ ಪುಟ ತಿರುಗಿಸಿ ನಾಲ್ಕುಗಳನ್ನು ಹುಡುಕಿ ಪೆನ್ಸಿಲಿನಿಂದ ಗುರುತು ಹಾಕಿದ. ನಾನು ಮೊದಲೇ ಒಂದು ಪಟ್ಟಿ ಮಾಡಿ ಮೂವತ್ತೈದು ಇವೆ ಎಂದಿದ್ದೆ.

“ಮೂವತ್ತಾರು” ಎಂದ ಅವನು. “ಎಂಬತ್ತೆಂಟನೇ ಪುಟ, ಚಿತ್ರದ ಕೆಳಗೆ ಒಂದು ಉಳ್ಕೊಂಡಿದೆ.”

ಇತ್ತು. ಕ್ಷೌರ ಮುಗಿಸಿದ ಮೇಲೆ ಕತ್ತಿನ ಹಿಂದೆ ಒಂಟಿ ಕೂದಲು ಉಳಿದಿದೆಯೇ ಎಂದು ನೋಡುವ ಕಣ್ಣು ಅದು, ಅದರಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಅದರ ಜೊತೆಗೆ ಮೊದಲ ಪುಟದ ಸಾರಾಂಶದಲ್ಲಿ ‘ಲೆಕ್ಕವೂ ಅಳತೆಯೂ ಕರಾರುವಾಕ್ಕಾಗಿ ಹೊಂದುತ್ತವೆ’ ಎಂದಿದ್ದೆ. ಮೇಷ್ಟ್ರು ‘ಕರಾರುವಾಕ್ಕಾಗಿ’ ಹೊಡೆದು ‘ಸುಮಾರಾಗಿ’ ಎಂದು ಬರೆದರು. ಅಲ್ಲಿಗೆ ಒಟ್ಟು ಮೂವತ್ತೇಳು.

ಅಷ್ಟರಲ್ಲಿ ಮೂರು ಗಂಟೆಯಾಗಿ, ಮೇಷ್ಟ್ರನ್ನು ಸಭಾಂಗಣಕ್ಕೆ ಕರೆದುಕೊಂಡು ಹೋಗಲು ಜನ ಬಂದರು. ಮೇಷ್ಟ್ರು ಪ್ರಬಂಧವನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೊರಟರು. ವೇದಿಕೆಯ ಮೇಲೆ ನಡುವಿನ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಪ್ರಬಂಧ ತೆರೆದು, ಒಂದೊಂದೇ ನಾಲ್ಕನ್ನು ಹೊಡೆದು, ಲೆಕ್ಕವಿದ್ದಲ್ಲಿ ಎರಡು, ಅಳತೆಯಿದ್ದಲ್ಲಿ ಎರಡೂಕಾಲು ಬರೆದು ಚಿಕ್ಕ ಸಹಿ ಹಾಕತೊಡಗಿದರು. ಪಕ್ಕದ ಕುರ್ಚಿ ಮುಖ್ಯ ಅತಿಥಿಗೆಂದು ಇಟ್ಟದ್ದು, ಅವರು ಬಂದಿರಲಿಲ್ಲ. ನನ್ನ ಗಂಡ ಹೋಗಿ ಅದರಲ್ಲಿ ಕೂತು ಪುಟ ತಿರುಗಿಸಿಕೊಟ್ಟ. ಅವನು ಅಂದು ಚೆನ್ನಾಗಿ ತಲೆ ಬಾಚಿಕೊಂಡಿದ್ದ, ಮುಖ್ಯ ಅತಿಥಿಯೇ ಎಂದು ಜನ ತಿಳಿದಿರಬೇಕು.

ವಿಭಾಗದ ಮುಖ್ಯಸ್ಥರು ಮೈಕಿನ ಮುಂದೆ ನಿಂತು, “ಇವರು ತಮ್ಮ ವೃತ್ತಿಜೀವನದಲ್ಲಿ ಯಾವುದನ್ನೂ ಚಿಕ್ಕದೆಂದು ಕಡೆಗಣಿಸಿದವರಲ್ಲ” ಎಂದರು. ಹಿಂದಿನ ಸಾಲುಗಳಿಂದ ಎದ್ದ ನಗು ಮುಂದಿನ ಸಾಲಿಗೆ ಬರುವವರೆಗೂ ಅವರಿಗೆ ತಾವೇನು ಅಂದೆವು ಎಂದು ಹೊಳೆಯಲಿಲ್ಲ. ಮೇಷ್ಟ್ರು ತಲೆ ಎತ್ತದೆಯೇ ನಕ್ಕು ಇಪ್ಪತ್ತನೆಯದಕ್ಕೆ ಸಹಿ ಹಾಕಿದರು.

ಅವರು ಮಾತಾಡುವ ಸರದಿ ಬಂದಾಗ ಇನ್ನೂ ಹನ್ನೊಂದು ಉಳಿದಿದ್ದವು. ಎದ್ದು ನಿಂತು, “ಎಲ್ಲರಿಗೂ ಬಹಳ ಸಂತೋಷ. ನನಗೂ ಬಹಳ ಸಂತೋಷ. ನಮಸ್ಕಾರ” ಎಂದು ಕೂತುಬಿಟ್ಟರು. ಭಾವುಕರಾಗಿ ಮಾತೇ ಹೊರಡಲಿಲ್ಲ ಪಾಪ ಎಂದು ನನ್ನ ಹಿಂದೆ ಕೂತವರು ಕಣ್ಣೊರೆಸಿಕೊಂಡರು.

ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ನಾನು ಹೊಸ ಪುಟಗಳನ್ನು ಕೊನೆಗೆ ಅಂಟಿಸಿದ ಪ್ರಬಂಧ ಹಿಡಿದು ಪರೀಕ್ಷಾ ಕಚೇರಿಯ ಕಿಟಕಿಯ ಮುಂದೆ ನಿಂತೆ. ಒಳಗೆ ಕೂತಿದ್ದಾಕೆ ವಯಸ್ಸಾದ ಗುಮಾಸ್ತೆ. ಜಗತ್ತಿನಲ್ಲಿ ಯಾರ ಮೇಲೂ ನಂಬಿಕೆ ಇಡದ ಹೆಂಗಸು, ನನಗೆ ಇಷ್ಟವಾಗುವ ಜಾತಿ. ಫಾರಂನಲ್ಲಿ ‘ತಿದ್ದುಪಡಿಗಳ ಸಂಖ್ಯೆ’ ಎಂದಿದ್ದಲ್ಲಿ ನಾನು ಮೂವತ್ತೇಳು ಎಂದು ಬರೆದಿದ್ದೆ. ಆಕೆ ನಾಲಿಗೆಗೆ ಬೆರಳು ತಾಗಿಸಿ ಒಂದೊಂದೇ ಪುಟ ತಿರುಗಿಸಿ ಎಣಿಸಿದಳು. ಗಡಿಯಾರ ನನ್ನ ಎದೆಯಲ್ಲೇ ಓಡುತ್ತಿತ್ತು.

“ತಪ್ಪು ಬರೆದಿದ್ದೀರಲ್ಲ. ಮೂವತ್ತೆಂಟಿದೆ.”

“ಇಲ್ಲ ಮೇಡಂ, ಮೂವತ್ತೇಳೇ. ನಾನೇ ಎಣಿಸಿದ್ದೀನಿ, ನಮ್ಮನೆಯವರೂ ಎಣಿಸಿದ್ದಾರೆ.”

“ನನಗೆ ಎಣಿಸೋಕೆ ಬರಲ್ಲ ಅಂತೀರಾ? ನೋಡಿ, ಮೊದಲನೇ ಪುಟದಲ್ಲೇ ಎರಡಿದೆ.”

ಪ್ರಬಂಧವನ್ನು ನನ್ನ ಕಡೆ ತಿರುಗಿಸಿದಳು. ‘ಸುಮಾರಾಗಿ’ ಎನ್ನುವುದು ಒಂದು. ಅದಕ್ಕಿಂತ ಎರಡು ಸಾಲು ಮೇಲೆ ಇನ್ನೊಂದಿತ್ತು. ಅಲ್ಲಿ ನಾನು, ‘ಸಾಮಾನ್ಯವಾಗಿ ಬಳಕೆಯಲ್ಲಿರುವ ಸೂತ್ರವು ಇಂಥ ಕಿರಣಗಳಿಗೆ ಸಾಲದು’ ಎಂದು ಬರೆದಿದ್ದೆ. ಮೇಷ್ಟ್ರಿಗೆ ನೋವಾಗಬಾರದೆಂದು ಆ ಸಾಲನ್ನು ಏಳು ಸಲ ತಿದ್ದಿ, ಯಾರ ಸೂತ್ರ ಎನ್ನುವುದನ್ನು ಅಳಿಸಿ, ಹಾಗೆ ಮೊಂಡು ಮಾಡಿದ್ದೆ. ಈಗ ‘ಸಾಮಾನ್ಯವಾಗಿ ಬಳಕೆಯಲ್ಲಿರುವ’ ಎನ್ನುವುದರ ಮೇಲೆ ಅಡ್ಡಗೆರೆ ಬಿದ್ದಿತ್ತು. ಮೇಲೆ ಅವರ ಓರೆ ಅಕ್ಷರ: ‘ನನ್ನ ಮಾರ್ಗದರ್ಶಕರು ಬರೆದ.’ ಪಕ್ಕದಲ್ಲಿ ಚಿಕ್ಕ ಸಹಿ.

ವೇದಿಕೆಯ ಮೇಲೆ, ಎಲ್ಲರೂ ಅವರನ್ನು ಹೊಗಳುತ್ತಿದ್ದಾಗ, ಯಾವುದೋ ಹೊತ್ತಿನಲ್ಲಿ ಬರೆದಿದ್ದರು. ನನ್ನ ಗಂಡ ಪುಟ ತಿರುಗಿಸಿಕೊಟ್ಟಿರಬೇಕು. ಇಬ್ಬರೂ ನನಗೆ ಹೇಳಿರಲಿಲ್ಲ.

ನಾನು ಫಾರಂನಲ್ಲಿ ಮೂವತ್ತೇಳನ್ನು ಹೊಡೆದು ಮೂವತ್ತೆಂಟು ಎಂದು ಬರೆದೆ. ಅಕ್ಷರ ಸರಿಯಾಗಿ ಕಾಣಲಿಲ್ಲ, ಕಣ್ಣಿನಲ್ಲಿ ನೀರು ತುಂಬಿತ್ತು.

“ಈ ತಿದ್ದುಪಡಿಗೂ ಅವರ ಸಹಿ ಬೇಕು” ಎಂದಳು ಗುಮಾಸ್ತೆ. “ಇದ್ದಾರಾ, ಹೋದ್ರಾ?”

ಇದ್ದರು. ಕಾರಿಡಾರಿನ ತುದಿಯ ಬೆಂಚಿನ ಮೇಲೆ ಹೂಗುಚ್ಛವನ್ನು ಪಕ್ಕಕ್ಕಿಟ್ಟು, ನನ್ನ ಗಂಡನಿಗೆ ತಮ್ಮ ತಲೆ ಬಗ್ಗಿಸಿ ತೋರಿಸುತ್ತಾ, ನೆತ್ತಿಯ ಮೇಲೆ ಕೂದಲು ಎಷ್ಟು ವರ್ಷ ಉಳಿಯಬಹುದು ಎಂದು ಕೇಳುತ್ತಿದ್ದರು. ಹತ್ತಿರ ಹೋಗಿ ಫಾರಂ ಮುಂದೆ ಹಿಡಿದೆ. ಅವರು ಅದನ್ನು ನೋಡಿ, ನನ್ನ ಮುಖ ನೋಡಿ, ಜೇಬಿನಿಂದ ಪೆನ್ನು ತೆಗೆದು ಮೂವತ್ತೆಂಟರ ಪಕ್ಕದಲ್ಲಿ ಸಹಿ ಹಾಕಿದರು.